ಮತ್ತಿಮರದ ಡಾಬು

ನಾನು ಮರದಲ್ಲಿ ಕೆತ್ತಿದ ಕಾಡುಕೋಣವನ್ನು ಕಂಡು ನಿಜವಾದ ಕಾಡುಕೋಣವೊಂದು ಕಾಲು ಕೆರೆದು ಮೇಲೆ ಬಿದ್ದಿತ್ತು. ಎರಡೂ ಸೇರಿ ಮೂರು ದಿನ ಕಾದಾಡಿದವು. ನಾಲ್ಕನೆಯ ದಿನ ನಿಜವಾದದ್ದೇ ಸೋತು ಹೊಳೆ ದಾಟಿ ಹೋಯಿತು. ಕಣ್ಣಾರೆ ಕಂಡವರು ಇಬ್ಬರು. ಒಬ್ಬ ಫಾರೆಸ್ಟ್ ಗಾರ್ಡು, ಅವನು ತೀರಿಕೊಂಡ. ಇನ್ನೊಬ್ಬ ಗಾಡಿ ಹೊಡೆಯುವವನು, ಅವನೂ ತೀರಿಕೊಂಡ. ಅನುಮಾನ ಇದ್ದವರು ಹೊಳೆ ದಾಟಿ ಆ ಕೋಣವನ್ನೇ ಕೇಳಿಕೊಂಡು ಬರಬಹುದು.

ಈ ಮಾತನ್ನು ನನ್ನ ಶಿಷ್ಯರ ಮುಂದೆ ಹೇಳುತ್ತಿದ್ದಾಗ ಕೆಂಡಗಣ್ಣ ನಡುವೆ ಬಾಯಿ ಹಾಕಿದ.

“ಕೋಣ ಇರ್ಲಿ ತಾತ. ನಂಗೊಂದು ಯೋಳಿ. ಕೆಲ್ಸ ಮುಗೀತು ಅಂತ ಹೆಂಗೆ ಗೊತ್ತಾಯ್ತದೆ? ಕೈ ಎತ್ತೋದು ಯಾವಾಗ?”

ಅವನು ಕೇಳಿದ್ದಕ್ಕೆ ಕಾರಣವಿತ್ತು. ಅರಣ್ಯ ಇಲಾಖೆಯವರು ಕಾಡಿನೊಳಗೆ ಒಂದು ಕಾಲುದಾರಿ ಮಾಡಿದ್ದರು. ಗಾಳಿಗೆ ಉರುಳಿದ ಮರ, ಕೊಯ್ದು ಉಳಿದ ಮೋಟು, ಇವುಗಳಲ್ಲಿ ಪ್ರಾಣಿಗಳನ್ನು ಕೆತ್ತಿ ದಾರಿಯುದ್ದಕ್ಕೂ ನಿಲ್ಲಿಸಬೇಕೆಂದು ನನ್ನನ್ನೂ ನನ್ನ ಐವರು ಶಿಷ್ಯರನ್ನೂ ಕರೆಸಿದ್ದರು. ದಾರಿಯ ಒಂದು ಕಡೆ ಬಿದಿರು ಸೀಳಿ ಬುಟ್ಟಿ ಹೆಣೆಯುವವರು ಕುಳಿತಿದ್ದರು. ಇನ್ನೊಂದು ಕಡೆ ಮರ ಕೊಯ್ಯುವವರ ಗರಗಸ ಬೆಳಗಿನಿಂದ ನಿಂತಿರಲಿಲ್ಲ.

ಕೆಂಡಗಣ್ಣನಿಗೆ ನಾನು ಕೊಟ್ಟದ್ದು ಒಂದು ಕರಡಿ. ಕರಡಿ ಮುಗಿದು ಆರು ದಿನ ಆಗಿತ್ತು. ಇಲಾಖೆಯ ಸಾಹೇಬರು ಬಂದು ನೋಡಿ ತಲೆಯಾಡಿಸಿಯೂ ಹೋಗಿದ್ದರು. ಆದರೆ ಕೆಂಡಗಣ್ಣ ದಿನಾ ಬೆಳಿಗ್ಗೆ ಎದ್ದು ಅದರ ಹತ್ತಿರ ಹೋಗುತ್ತಿದ್ದ. ಒಂದು ದಿನ ಕಿವಿ ತಿದ್ದಿದ. ಒಂದು ದಿನ ಬೆನ್ನು ತಿದ್ದಿದ. ಊಟಕ್ಕೆ ಕುಳಿತರೂ ಅವನ ಕಣ್ಣು ಆ ಕಡೆಗೇ. ಹರಿತವಾದ ಉಳಿಯನ್ನೇ ಮತ್ತೆ ಮತ್ತೆ ಮಸೆಯುತ್ತಿದ್ದ. ಆಗಲೂ ಮಸೆಯುತ್ತಲೇ ಇದ್ದ.

“ಇವ್ನನ್ನ ಇಂಗೇ ಬುಟ್ರೆ ಇನ್ನೆಲ್ಡು ದಿನಕ್ಕೆ ಕರಡಿ ಮುಂಗ್ಸಿ ಆಯ್ತದೆ ತಾತ” ಎಂದಳು ಶಿವನಂಜಿ. ಅವಳು ನನ್ನ ಶಿಷ್ಯರಲ್ಲಿ ಒಬ್ಬಳೇ ಹೆಂಗಸು. ಅವಳ ಕೈಯೂ ಚುರುಕು, ಕಿವಿಯೂ ಚುರುಕು.

ಎಲ್ಲರೂ ನಕ್ಕರು. ಕೆಂಡಗಣ್ಣ ನಗಲಿಲ್ಲ.

ನಾನು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಹೇಳಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ಒಂದು ಕಾಡಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ಒನಕೆ, ನೊಗ, ಸೌಟು, ತೊಟ್ಟಿಲಿನ ಗಿಣಿ, ಏನು ಕೇಳಿದರೂ ಮಾಡಿಕೊಡುತ್ತಿದ್ದ. ಅವನ ಕೈ ಚೆನ್ನಾಗಿತ್ತು. ಬಾಯಿ ಕೈಗಿಂತ ಚೆನ್ನಾಗಿತ್ತು. ಅವನು ಮಾಡಿದ ಸೌಟು ಹಾಕಿದರೆ ಸಾರಿಗೆ ಉಪ್ಪೇ ಬೇಡ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಅದೇ ಕಾಡಿನಲ್ಲಿ ಒಂದು ಹಾಡಿ. ಹಾಡಿ ಎಂದರೆ ಕಾಡಿನವರ ಕೇರಿ. ಅಲ್ಲಿ ಹದಿನೆಂಟು ಒಲೆ. ಅಲ್ಲಿನ ಹಿರಿಯಳು ಒಬ್ಬ ಜೇನಿನವಳು. ಗಂಡ ಸತ್ತ ಮೇಲೆ ಅವಳ ಇಬ್ಬರು ಮೈದುನರು ಮರ ಹತ್ತುತ್ತಿದ್ದರು. ಅವಳು ಕೆಳಗೆ ನಿಂತು ಹೊಗೆ ಹಾಕುತ್ತಿದ್ದಳು.

ಅವರು ಹತ್ತುತ್ತಿದ್ದುದು ಒಂದೇ ಮರ. ಅದು ಮತ್ತಿಮರ. ನಾಲ್ಕು ಜನ ತಬ್ಬಿದರೂ ಕೈಗೆ ಕೈ ಸಿಗದು. ಮುತ್ತುಗ ಹೂ ಬಿಡುವ ಹೊತ್ತಿಗೆ ಹೆಜ್ಜೇನು ಎಲ್ಲಿಂದಲೋ ಹಾರಿ ಬಂದು ಅದರ ಕೊಂಬೆಗಳಿಗೆ ನೂರು ಹುಟ್ಟು ಕಟ್ಟುತ್ತಿತ್ತು. ನೂರು ಎಂದರೆ ನೂರೇ. ಇದರಲ್ಲಿ ನಾನು ಒಂದನ್ನೂ ಸೇರಿಸಿಲ್ಲ. ಹದಿನೆಂಟು ಒಲೆಗಳೂ ಆ ಜೇನಿನಿಂದಲೇ ಉರಿಯುತ್ತಿದ್ದವು.

ಒಂದು ವರ್ಷ ಆ ಕಡೆಯ ಕಾಡನ್ನು ಕಡಿಯಲು ಗೊತ್ತುಮಾಡಿದರು. ಮರಮರಕ್ಕೂ ಸುತ್ತಿಗೆಯಿಂದ ಮುದ್ರೆ ಹೊಡೆದುಕೊಂಡು ಹೋದರು. ಮುದ್ರೆ ಬಿದ್ದ ಮರ ಆ ವರ್ಷ ನೆಲಕ್ಕೆ ಬರಬೇಕು. ಮತ್ತಿಮರಕ್ಕೂ ಮುದ್ರೆ ಬಿತ್ತು.

ಜೇನಿನವಳು ಕೆತ್ತನೆಗಾರನ ಬಳಿಗೆ ಬಂದಳು.

“ಅಣ್ಣ, ಮರ ಕುಯ್ಯೋರು ಬ್ಯಾರೆ ಸೀಮೆಯೋರು. ನನ್ ಮಾತು ಕೇಳಲ್ಲ. ಆದ್ರೆ ದೇವ್ರ ಮ್ಯಾಲೆ ಕೊಡ್ಲಿ ಎತ್ತಲ್ಲ. ಮರದ ಮೈ ಮ್ಯಾಲೆ ಕಾಡಮ್ಮನ್ನ ಕೆತ್ತಿಕೊಡು. ಎಲ್ಡು ಕಣ್ಣು ಕಂಡ್ರೆ ಸಾಕು.”

“ಎಲ್ಡೇ ಕಣ್ಣಾ! ನಾನು ಉಳಿ ಮಡಗುದ್ರೆ ಕೊಡ್ಲಿ ಏನವ್ವ, ಸಿಡ್ಲೂ ಪಕ್ಕಕ್ಕೆ ಸರ್ಕಂಡು ಬೀಳ್ತದೆ.”

“ಸಿಡ್ಲಿನ ಮಾತು ಬುಡಣ್ಣ. ಕಣ್ಣು ಸಾಕು” ಎಂದಳು ಅವಳು.

ಕೊಯ್ಯುವವರು ಬರಲು ಎಂಟು ದಿನವಿತ್ತು. ಕೆತ್ತನೆಗಾರ ಉಳಿ, ಕೊಡತಿ ಹಿಡಿದು ಹೋದ. ಮೊದಲ ದಿನವೇ ಎರಡು ಕಣ್ಣು ಕೆತ್ತಿದ. ಅವಳು ಕೇಳಿದ್ದು ಮುಗಿಯಿತು. ಆದರೆ ಮೂಗಿಲ್ಲದ ಕಣ್ಣನ್ನು ಅವನಿಗೆ ನೋಡಲಾಗಲಿಲ್ಲ. ಮೂಗು ಕೆತ್ತಿದ. ಮೂಗು ಬಂದ ಮೇಲೆ ಬಾಯಿ ಕೇಳಿತು. ಮುಖಕ್ಕೆ ಕೊರಳು ಬೇಕಾಯಿತು, ಕೊರಳಿಗೆ ಸರ ಬೇಕಾಯಿತು. ಐದನೆಯ ದಿನ ಕೈಗಳು ಬಂದವು, ಕೈಗೆ ಬಳೆ ಬಂದವು. ಏಳನೆಯ ದಿನ ಸೊಂಟ. ಸೊಂಟಕ್ಕೆ ಡಾಬು ಕೆತ್ತತೊಡಗಿದ. ನಮ್ಮ ಹೆಂಗಸರು ಮದುವೆಯಲ್ಲಿ ಕಟ್ಟುವ ಡಾಬಿನಂತೆಯೇ ಮಣಿ ಮಣಿಯಾಗಿ, ಎರಡು ಬೆರಳು ಆಳಕ್ಕೆ ಕೆತ್ತಿಕೊಂಡು ಎಡಕ್ಕೂ ಬಲಕ್ಕೂ ಹೋದ.

ಆ ಹೊತ್ತಿಗೆ ಮರ ಕೊಯ್ಯುವವರ ಮೇಸ್ತ್ರಿ ಆ ದಾರಿಯಲ್ಲಿ ಬಂದ. ಅವನು ಮುದುಕ. ಕೊಯ್ಯುವ ಮರಗಳನ್ನು ಮೊದಲೇ ನೋಡಿಕೊಂಡು ಹೋಗಲು ಬಂದಿದ್ದ. ಮತ್ತಿಮರದ ಮುಂದೆ ನಿಂತ. ಕಾಡಮ್ಮನ ಕಣ್ಣು ನೋಡಿ ತಲೆಯ ವಸ್ತ್ರ ತೆಗೆದು ಕಂಕುಳಿಗೆ ಇಟ್ಟುಕೊಂಡ. ಆಮೇಲೆ ಮರದ ಸುತ್ತ ಒಂದು ಸಲ ಬಂದ.

“ಈ ಡಾಬು ಎಲ್ಲೀಗಂಟ ಹೋಯ್ತದಪ್ಪ ಆಚಾರಿ?”

“ಸುತ್ತಾನೂ ಹೋಯ್ತದೆ. ಹಿಂದೆ ಹೋಗಿ ಕೂಡ್ತದೆ. ತಾಯಿ ಬೆನ್ನು ಬೋಳಾಗಿ ಇರಕ್ಕಾಯ್ತದಾ?”

“ಕೂಡಿಸ್ಬ್ಯಾಡ. ಹಿಂದೆ ಒಂದು ಮೊಳ ತೊಗಟೆ ಬುಡು. ಮರ ಉಣ್ಣೋದು ತೊಗಟೇಲಿ.”

ಇದು ಕೆತ್ತನೆಗಾರನಿಗೆ ಗೊತ್ತಿಲ್ಲದ್ದಲ್ಲ. ಆ ಕಾಡಿನಲ್ಲಿ ತೇಗ ಕಡಿಯುವ ಮೊದಲು ಅದರ ಬುಡದ ಸುತ್ತ ಒಂದು ಪಟ್ಟಿ ತೊಗಟೆ ಕೊಚ್ಚಿ ಬಿಡುತ್ತಾರೆ. ಮರ ನಿಂತಲ್ಲೇ ಒಣಗುತ್ತದೆ. ಆಮೇಲೆ ಕಡಿಯುತ್ತಾರೆ. ಅವನು ದಿನಾ ಓಡಾಡುವ ದಾರಿಯಲ್ಲಿ ಹಾಗೆ ಒಣಗಿ ನಿಂತ ತೇಗಗಳು ಇಪ್ಪತ್ತಾದರೂ ಇದ್ದವು.

ಅವನು ಹಿಂದೆ ಒಂದು ಮೊಳ ಬಿಟ್ಟ. ಉಳಿ ಒರಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಎಂಟನೆಯ ದಿನ ಕೊಯ್ಯುವವರು ಬಂದರು. ಮತ್ತಿಮರದ ಮುಂದೆ ಮೇಸ್ತ್ರಿ ಕೊಡಲಿಯನ್ನು ನೆಲಕ್ಕಿಟ್ಟ. ಅವನ ಹಿಂದೆ ಇದ್ದ ಹನ್ನೆರಡು ಜನರೂ ಇಟ್ಟರು. ಗುತ್ತಿಗೆದಾರ ಬಂದು ಗೊಣಗಿದ. ಯಾರೂ ಕೊಡಲಿ ಎತ್ತಲಿಲ್ಲ. ಅವನು ಬೈದುಕೊಂಡು ಮುಂದಿನ ಮರಕ್ಕೆ ಹೋದ. ಸುತ್ತಲಿನ ಮರಗಳೆಲ್ಲ ಬಿದ್ದವು. ಮತ್ತಿಮರ ಒಂದೇ ನಿಂತಿತು.

ಆ ಬೇಸಿಗೆ ಹೆಜ್ಜೇನು ಬಂತು. ಜೇನಿನವಳು ಮೊದಲ ಜೇನನ್ನು ಮುತ್ತುಗದ ದೊನ್ನೆಯಲ್ಲಿ ತಂದು ಕೆತ್ತನೆಗಾರನ ಮುಂದೆ ಇಟ್ಟಳು. “ನೀನು ಮಡಗಿದ ಕಣ್ಣು ಕಾಯ್ತಣ್ಣ” ಎಂದಳು. ಅವಳ ಮನೆಯಲ್ಲಿ ದೇವರಿಗೆ ಎತ್ತಿಟ್ಟ ಮೇಲೆ ಮೊದಲ ಜೇನು ಗಂಡಸರಲ್ಲಿ ಹಿರಿಯನಿಗೆ ಸಲ್ಲಬೇಕು. ಆ ವರ್ಷ ಅದು ಅವನಿಗೆ ಸಂದಿತು.

ಅವನು ಅಲ್ಲಿಗೆ ಸುಮ್ಮನಾಗಬಹುದಿತ್ತು.

ಕಾಡಮ್ಮನ ಸುದ್ದಿ ಹಬ್ಬಿತು. ಹಬ್ಬಿಸಿದವನೂ ಅವನೇ. ಕೊಡಲಿಗಳು ತಾವಾಗಿಯೇ ಕೈಯಿಂದ ಜಾರಿ ಬಿದ್ದವು ಎಂದ. ಗುತ್ತಿಗೆದಾರನ ನಾಲಿಗೆ ಮೂರು ದಿನ ಹೊರಳಲಿಲ್ಲ ಎಂದ. ಜನ ನೋಡಲು ಬಂದರು. ನೂರು ಜನ ಬಂದರೆ ತೊಂಬತ್ತೊಂಬತ್ತು ಜನ ಮುಂದೆ ನಿಂತು ಕೈ ಮುಗಿದು ಹೋದರು. ಒಬ್ಬ ಮಾತ್ರ ಹಿಂದಕ್ಕೆ ಹೋದ. ಅವನು ಪಾತ್ರೆ ಮಾರುವ ವರ್ತಕ. ಹಿಂದಿನಿಂದ ಕೂಗಿ ಹೇಳಿದ, “ಇದೇನು ಆಚಾರಿ, ಡಾಬು ಕೂಡೇ ಇಲ್ಲ! ತಾಯಿಗೆ ಸಾಲಲಿಲ್ವಾ?”

ಅವನು ನಕ್ಕು ಹೋದ. ಕೆತ್ತನೆಗಾರನಿಗೆ ಅಂದಿನಿಂದ ನೆಮ್ಮದಿ ಹೋಯಿತು.

ಉಣ್ಣಲು ಕುಳಿತರೆ ಆ ಒಂದು ಮೊಳ ಜಾಗ ಕಣ್ಣ ಮುಂದೆ ಬರುತ್ತಿತ್ತು. ಬೇರೆಯವರ ನೊಗ ಕೆತ್ತುತ್ತ ಕುಳಿತರೆ ಕೈ ತನಗೆ ತಾನೇ ಅಲ್ಲಿ ಎಷ್ಟು ಮಣಿ ಕೂರುತ್ತವೆ ಎಂದು ಎಣಿಸುತ್ತಿತ್ತು. ಏಳು ಮಣಿ. ಒಂದು ಕೊಂಡಿ. ಅಷ್ಟೇ. ಹೆಂಡತಿ ಮಾತನಾಡಿಸಿದರೆ ಅವನಿಗೆ ಕೇಳುತ್ತಿರಲಿಲ್ಲ. ಎರಡು ಸಲ ಮತ್ತಿಮರದವರೆಗೂ ಹೋದ, ವಾಪಸು ಬಂದ. ಮೂರನೆಯ ಸಲ ಉಳಿ ತೆಗೆದುಕೊಂಡು ಹೋದ, ಅದನ್ನು ಸೊಂಟದಿಂದ ಈಚೆಗೆ ತೆಗೆಯದೆ ವಾಪಸು ಬಂದ. ದಾರಿಯಲ್ಲಿ ಒಣಗಿ ನಿಂತ ತೇಗಗಳಿದ್ದವು. ಅವುಗಳ ಬುಡ ನೋಡಿದ. ಅದು ಕೊಡಲಿಯ ಕೆಲಸ, ಇದು ಉಳಿಯ ಕೆಲಸ ಎಂದುಕೊಂಡ. ಅದು ಕೊಲ್ಲುವುದಕ್ಕೆ ಮಾಡಿದ್ದು, ಇದು ಅಲಂಕಾರಕ್ಕೆ ಮಾಡುವುದು ಎಂದುಕೊಂಡ.

ಎಂದುಕೊಂಡದ್ದು ಅವನು. ಮರವನ್ನು ಕೇಳಲಿಲ್ಲ.

ಜೇನು ಇಳಿಸುವುದು ಮುಗಿಯಿತು. ಹೆಜ್ಜೇನು ಹಾರಿಹೋಯಿತು. ಮಳೆ ಇನ್ನೂ ಹಿಡಿದಿರಲಿಲ್ಲ. ಸಂತೆಯ ದಿನ ಹಾಡಿಯವರೆಲ್ಲ ಸಂತೆಗೆ ಹೋದರು. ನಡುಮಧ್ಯಾಹ್ನ ಅವನು ಒಬ್ಬನೇ ಮತ್ತಿಮರದ ಹಿಂದೆ ಹೋಗಿ ನಿಂತ.

ಒಂದು ಮಣಿ ಕೆತ್ತಿದ. ಎರಡು ಕೆತ್ತಿದ. ಆರು ಕೆತ್ತಿದ. ಆರು ದಾಟಿದ ಮೇಲೆ ಉಳಿದದ್ದು ನಾಲ್ಕು ಬೆರಳು ತೊಗಟೆ. ಅದಕ್ಕೆ ಉಳಿ ತಾಗಿಸಿದ. ನೀರು ಬಂತು.

ಮತ್ತಿಮರ ಬೇಸಿಗೆಯಲ್ಲಿ ಹೊಟ್ಟೆಯಲ್ಲಿ ನೀರು ಇಟ್ಟುಕೊಳ್ಳುತ್ತದೆ. ಇದು ಕಾಡಿನವರೆಲ್ಲರಿಗೂ ಗೊತ್ತು. ಬಾಯಾರಿದವರು ಅದರ ಮೈಯಲ್ಲಿ ಒಂದು ಕಚ್ಚು ಹಾಕಿ ಕುಡಿಯುವುದೂ ಉಂಟು. ಆದರೆ ಅವನಿಗೆ ಅದು ಆ ನೀರು ಅನ್ನಿಸಲಿಲ್ಲ. ತಣ್ಣಗೆ ಅಂಗೈಗೆ ತಾಗಿತು. ಮಣಿಕಟ್ಟಿನಿಂದ ಮೊಳಕೈಗೆ ಇಳಿಯಿತು. ಅವನು ಉಳಿ ಕೆಳಗಿಟ್ಟು ಅಂಗೈಯಿಂದ ಆ ಕಚ್ಚಿನ ಬಾಯಿ ಮುಚ್ಚಿ ಹಿಡಿದ. ಒಂದು ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಹಾಗೆಯೇ ಹಿಡಿದಿದ್ದ. ನೀರು ಬೆರಳುಗಳ ಸಂದಿಯಿಂದ ಬರುತ್ತಲೇ ಇತ್ತು. ಆಗಲೂ ಬಿಟ್ಟು ಬರಬಹುದಿತ್ತು. ನಾಲ್ಕು ಬೆರಳು ತೊಗಟೆ ಇನ್ನೂ ಇತ್ತು.

ಅವನು ಕೈ ತೆಗೆದ. ಉಳಿ ಎತ್ತಿಕೊಂಡ. ಏಳನೆಯ ಮಣಿ ಕೆತ್ತಿದ. ಕೊಂಡಿ ಕೂಡಿಸಿದ.

ಅಂಥ ಡಾಬನ್ನು ಆ ಸೀಮೆಯಲ್ಲಿ ಯಾರೂ ಕೆತ್ತಿರಲಿಲ್ಲ, ಮುಂದೆಯೂ ಕೆತ್ತಲಾರರು. ಅವನು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ. ಹೆಂಡತಿಗೂ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಆ ಮಳೆಗಾಲ ಮತ್ತಿಮರದ ಎಲೆ ಚಿಕ್ಕದಾಯಿತು. ಚಳಿಗಾಲ ಬರುವ ಮೊದಲೇ ಉದುರಿತು. ಮುತ್ತುಗ ಹೂ ಬಿಟ್ಟಿತು. ಹೆಜ್ಜೇನು ಬಂತು. ಮೂರು ದಿನ ಮರವನ್ನು ಸುತ್ತಿತು. ಇಡೀ ಹಾಡಿ ಕೆಳಗೆ ನಿಂತು ಮೇಲೆ ನೋಡುತ್ತಿತ್ತು. ಒಂದು ಹುಳವೂ ಕೊಂಬೆಗೆ ಕೂರಲಿಲ್ಲ. ನಾಲ್ಕನೆಯ ದಿನ ಸದ್ದು ಅಡಗಿತು.

ಗುತ್ತಿಗೆದಾರ ಮತ್ತೆ ಬಂದ. ಮೇಸ್ತ್ರಿಯೂ ಬಂದ. ಹಾಡಿಯವರು ಇದ್ದರು. ಕೆತ್ತನೆಗಾರನೂ ಇದ್ದ. ಮೇಸ್ತ್ರಿ ಮರದ ಹಿಂದಕ್ಕೆ ಹೋಗಿ ನೋಡಿ ಈಚೆಗೆ ಬಂದ.

“ಕೂಡಿಸ್ಬುಟ್ಯಾ?” ಎಂದು ಎಲ್ಲರ ಮುಂದೆಯೇ ಕೇಳಿದ.

ಕೆತ್ತನೆಗಾರ ಎಲ್ಲರ ಮುಖ ನೋಡಿದ. ಅವನ ಬಾಯಿ ಕೈಗಿಂತ ಚೆನ್ನಾಗಿತ್ತು ಎಂದು ಮೊದಲೇ ಹೇಳಿದ್ದೇನೆ.

“ನಾನು ಬುಟ್ಟೇ ಬಂದಿದ್ದೆ. ತಾಯಿ ತಾನೇ ಡಾಬು ಬಿಗ್ಕಂಡವ್ಳೆ. ಊರು ಬುಟ್ಟು ಹೊರಡೋ ಹೆಣ್ಣು ಸೊಂಟ ಬಿಗಿಯಲ್ವಾ? ಅಮ್ಮ ಹೊರಟುಬುಟ್ಲು.”

ಜನ ಹಾ ಎಂದರು. ಒಬ್ಬರು ಅಡ್ಡ ಬಿದ್ದರು. ಇನ್ನೊಬ್ಬರು ಕರ್ಪೂರಕ್ಕೆ ಓಡಿದರು. ಆ ಮಾತು ಒಂದು ವಾರದಲ್ಲಿ ಏಳು ಹಳ್ಳಿ ದಾಟಿತು. ಮೇಸ್ತ್ರಿ ಮಾತ್ರ ನೆಲ ನೋಡಿಕೊಂಡು ನಿಂತ. ಗುತ್ತಿಗೆದಾರ ನಕ್ಕ. “ಹೊರಟುಹೋದ ದೇವ್ರಿಗೆ ಮನೆ ಯಾಕ್ರಯ್ಯ? ಹಾಕ್ರೋ ಕೊಡಲೀನ” ಎಂದ.

ಮೊದಲ ಏಟು ಬೀಳುವ ಮುಂಚೆ ಜೇನಿನವಳು ಎದ್ದು ಮರದ ಹಿಂದಕ್ಕೆ ಹೋದಳು. ಮೊದಲು ತೊಗಟೆ ಇದ್ದ ಜಾಗದ ಮೇಲೆ ಅಂಗೈ ಇಟ್ಟಳು. ಮಣಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ಈಚೆಗೆ ಬಂದು ಕೆತ್ತನೆಗಾರನ ಸೊಂಟದಲ್ಲಿದ್ದ ಉಳಿಯನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಮೈದುನರನ್ನು ಕರೆದುಕೊಂಡು ನಡೆದಳು.

ಮರ ಬಿತ್ತು. ಹದಿನೆಂಟು ಒಲೆಗಳೂ ಒಂದೊಂದಾಗಿ ಕಾಫಿ ತೋಟಗಳ ಕೂಲಿ ಲೈನ್ ಮನೆಗಳಿಗೆ ಹೋದವು. ಜೇನು ಇಳಿಸುತ್ತಿದ್ದ ಮೈದುನರು ಅಲ್ಲಿ ಮೆಣಸಿನ ಬಳ್ಳಿ ಹತ್ತತೊಡಗಿದರು.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಕೆಂಡಗಣ್ಣ ಉಳಿ ಮಸೆಯುವುದು ಯಾವಾಗಲೋ ನಿಂತಿತ್ತು. ಅವನು ಅದನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿದ. ಅವನಿಗೆ ತಾಗಿತು ಎಂದು ನನಗೆ ತಿಳಿಯಿತು. ನನ್ನ ಕತೆಗಳು ತಾಗದೆ ಹೋದದ್ದೇ ಇಲ್ಲ. ಎದ್ದು ಪಂಚೆ ಕೊಡವಿಕೊಂಡೆ.

“ಒಂದು ನಿಮಿಷ ಕೂತ್ಕಳಿ ತಾತ” ಎಂದಳು ಶಿವನಂಜಿ.

ನಾನು ಕೂರಲಿಲ್ಲ.

“ಆವತ್ತು ಹಾಡಿಯೋರೆಲ್ಲ ಸಂತೆಗೆ ಹೋಗಿದ್ರು ಅಂದ್ರಿ. ಆಚಾರಿ ಒಬ್ನೇ ಇದ್ದ ಅಂದ್ರಿ. ಹೆಂಡ್ತಿಗೂ ಬಾಯಿ ಬುಡ್ಲಿಲ್ಲ ಅಂದ್ರಿ. ಹಂಗಾದ್ರೆ ನೀರು ತಣ್ಣಗಿತ್ತು, ಬೆರಳ ಸಂದೀಲಿ ಬಂತು ಅಂತ ನಿಮ್ಗೆ ಯೋಳ್ದೋರು ಯಾರು?”

ಐವರೂ ನನ್ನ ಮುಖ ನೋಡಿದರು. ಆ ಕಡೆ ಗರಗಸದ ಸದ್ದು ಒಂದೇ ಸಮನೆ ಬರುತ್ತಿತ್ತು. ನಾನು ಅಂಗೈಯನ್ನು ಪಂಚೆಗೆ ಒರಸಿಕೊಂಡೆ.

“ನೀನು ಕೇಳ್ದೆ ಕಣವ್ವ. ಆ ಜೇನಿನವ್ಳು ಕೇಳ್ಲಿಲ್ಲ.”